ಸ್ಲಾವರ ಸೊಸೆ, ಹುತ್ತೂರಿನ ಸೊಸೆಯರು

ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ. ಒಂದು ಹುಳು ತಿಂದರೆ ಪಕ್ಕದ ಹುಳುವಿಗೂ ಕೇಳಿಸಲಿಕ್ಕಿಲ್ಲ. ಆದರೆ ಮನೆ ತುಂಬ ಬಿದಿರು ತಟ್ಟೆ, ತಟ್ಟೆ ತುಂಬ ಬೆರಳುದ್ದದ ಹುಳು ಇರುವಾಗ, ಹಿಪ್ಪುನೇರಳೆ ಸೊಪ್ಪು ಹರಡಿದ ಐದು ನಿಮಿಷಕ್ಕೆ ಚರಚರ ಚರಚರ ಅಂತ ಶುರುವಾಗುತ್ತದೆ ನೋಡಿ, ಥೇಟ್ ಹೆಂಚಿನ ಮೇಲೆ ಸೋನೆಮಳೆ. ಮದುವೆಯಾಗಿ ಹುತ್ತೂರಿಗೆ ಬಂದ ಮಾರನೇ ದಿನವೇ ನಾನು ಆ ಸದ್ದಿಗೆ ಮೋಸಹೋಗಿ, ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಓಡಿಬಂದಿದ್ದೆ. ಹೊರಗೆ ಸುಡು ಬಿಸಿಲು. ಓರಗಿತ್ತಿ ಲಕ್ಷ್ಮಕ್ಕ ಹುಳುಮನೆ ಬಾಗಿಲಲ್ಲಿ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, "ಏಮೇ ದೊರಸಾನಿ, ನಿಮ್ಮ ಕಾನ್ವೆಂಟಲ್ಲಿ ಮಳೆ ಮನೆಯೊಳಗೇ ಬರ್ತಿತ್ತಾ?" ಅಂತ ಕೇಳಿದ್ದಳು. ಮುಳಬಾಗಿಲ ಕಡೆಯವಳು ಅವಳು, ಕನ್ನಡಕ್ಕೆ ತೆಲುಗಿನ ಒಗ್ಗರಣೆ ಹಾಕದೆ ಬಾಯಿ ತೆರೆಯುತ್ತಿರಲಿಲ್ಲ. ಅಂದಿನಿಂದ ನಾನು ಆ ಮನೆಗೆ ದೊರಸಾನಿಯೇ ಆದೆ. ಆ ಮಳೆಯ ಸದ್ದನ್ನು ಒಂದು ಸಲ ನಾನೇ ನಿಲ್ಲಿಸಿದೆ ಎಂಬ ಸಂಗತಿಯನ್ನು ನಲವತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳುವ ಹಾಗೆ ಮಾಡಿದ್ದು ಸ್ಲಾವರು. ಯಾರು ಈ ಸ್ಲಾವರು ಅಂತೀರಾ? ನನಗೂ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ನನ್ನ ಸೊಸೆ ಚೈತ್ರ ಕೋಲಾರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ಜೊತೆಗೆ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ನಮ್ಮ ಡೈನಿಂಗ್ ಟೇಬಲ್ಲಿನ ಅರ್ಧ ಭಾಗ ಊಟಕ್ಕೆ, ಅರ್ಧ ಭಾಗ ಪಿಎಚ್.ಡಿ.ಗೆ. ರಷ್ಯನ್ನರು, ಪೋಲೆಂಡಿನವರು, ಸರ್ಬಿಯಾದವರು, ಬಲ್ಗೇರಿಯಾದವರು ಇವರೆಲ್ಲ ಬೇರೆಬೇರೆಯಾಗುವ ಮೊದಲು, ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ, ಒಂದೇ ಮಾತು ಆಡುತ್ತಿದ್ದರಂತೆ. ಅದಕ್ಕೆ ಪ್ರೋಟೋ-ಸ್ಲಾವಿಕ್ ಅಂತ ಹೆಸರು. ಆ ಭಾಷೆಯ ಒಂದೇ ಒಂದು ನಾಮಪದವನ್ನು ಹಿಡಿದುಕೊಂಡು ಇವಳು ಎರಡು ವರ್ಷದಿಂದ ಕೂತಿದ್ದಾಳೆ. ಆ ಪದದ ಅರ್ಥ ಸೊಸೆ. ಎದುರುಮನೆಯ ರತ್ನಮ್ಮನಿಗೆ ಇದನ್ನು ಹೇಳಿ ನಾನು ಪಟ್ಟ ಪಾಡು ಯಾರಿಗೂ ಬೇಡ. "ನಿಮ್ಮ ಸೊಸೆ ಏನ್ರೀ ಅಷ್ಟೊಂದು ಬರೀತಾಳೆ?" ಅಂದರು. "ಸೊಸೆ ವಿಷಯ" ಅಂದೆ. "ಯಾರ ಸೊಸೆ?" "ಯಾರ ಸೊಸೇನೂ ಅಲ್ಲ ಕಣ್ರೀ, ಬರೀ ಸೊಸೆ." ರತ್ನಮ್ಮ ಗೇಟಿನ ಮೇಲೆ ಬಾಗಿ, ದನಿ ತಗ್ಗಿಸಿ, "ಹಂಗಾದ್ರೆ ಅತ್ತೆ ವಿಷಯಾನೂ ಬಂದೇ ಬರುತ್ತೆ. ಎಚ್ಚರಿಕೆಯಿಂದಿರಿ" ಅಂದರು.

ಅವತ್ತು ಚೈತ್ರ ಸ್ನಾನಕ್ಕೆ ಹೋದಾಗ ನಾನು ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತದ್ದು ನಿಜ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಅರ್ಥವಾಗುತ್ತದೆ ಎಂಬ ಗರ್ವ ಬೇರೆ. ಕಣ್ಣಿಗೆ ಬಿದ್ದದ್ದೆಲ್ಲ ಎದೆ ಹಾರಿಸುವಂಥದ್ದೇ. ಸೊಸೆಯ ಮೂಲ ರೂಪ ಎಲ್ಲೂ ದಾಖಲಾಗಿಲ್ಲ, ಸೊಸೆಯ ಕೊನೆ ಸಹಜವಾದದ್ದಲ್ಲ, ಸೊಸೆ ಬದಲಾವಣೆಗೆ ಒಳಗಾಗಿದ್ದಾಳೆ, ಕೆಲವು ಕಡೆ ಸೊಸೆ ಪೂರ್ತಿ ಮರೆಯಾಗಿದ್ದಾಳೆ! ಪೊಲೀಸರ ಫೈಲಿನ ಹಾಗಿತ್ತು. ಹಿಂದೆ ಬಂದು ನಿಂತ ಚೈತ್ರ ತಲೆಗೆ ಸುತ್ತಿದ ಟವೆಲ್ಲು ಬಿಚ್ಚುತ್ತ, "ಅತ್ತೆ, ಅದು ನೀವಲ್ಲ. ಪದದ ಬಗ್ಗೆ" ಅಂದಳು. ಕಿವಿಯವರೆಗೆ ಬಿಸಿಯಾಯಿತು. ಸುಮ್ಮನೆ ಎದ್ದುಹೋಗುವುದು ಬಿಟ್ಟು, ತಪ್ಪು ಮುಚ್ಚಿಕೊಳ್ಳಲು, "ಗೊತ್ತು ಬಿಡಮ್ಮ, ಐ ಆಮ್ ಜಸ್ಟ್ ಇಂಟರೆಸ್ಟೆಡ್" ಅಂದುಬಿಟ್ಟೆ. ಅಷ್ಟೇ ಸಾಕಾಯಿತು. ಕಾಲೇಜಿನಲ್ಲಿ ಮೂವತ್ತು ಮಕ್ಕಳು ಆಕಳಿಸುವುದನ್ನು ನೋಡಿ ಬಂದವಳಿಗೆ ಮನೆಯಲ್ಲಿ ಒಬ್ಬಳು ಕೇಳುವವಳು ಸಿಕ್ಕರೆ ಬಿಡುತ್ತಾಳೆಯೇ?

ಆ ಪದ ಸ್ನುಖಾ. ಅದರ ಎಡಕ್ಕೆ ಒಂದು ಪುಟ್ಟ ನಕ್ಷತ್ರ ಹಾಕುತ್ತಾರೆ. ನಮ್ಮ ಸ್ಕೂಲಿನ ಸಿಸ್ಟರ್ ಕಾಪಿ ಪುಸ್ತಕದಲ್ಲಿ ನಕ್ಷತ್ರ ಹಾಕುತ್ತಿದ್ದದ್ದು ಅಕ್ಷರ ಚೆನ್ನಾಗಿ ಬರೆದವರಿಗೆ. ಇಲ್ಲಿ ನಕ್ಷತ್ರವಿದ್ದರೆ, ಈ ಪದವನ್ನು ಯಾರೂ ಬರೆದಿಟ್ಟಿಲ್ಲ, ಕೇಳಿದವರು ಯಾರೂ ಉಳಿದಿಲ್ಲ, ನಾವೇ ಊಹಿಸಿ ಕಟ್ಟಿದ್ದು ಎಂದರ್ಥ. "ಕಂಡೋರಿಲ್ಲ ಕೇಳಿದೋರಿಲ್ಲ, ಮತ್ತೆ ಇತ್ತು ಅಂತ ಹೆಂಗೆ ಹೇಳ್ತೀಯ?" ಅಂದೆ. "ಮುತ್ತಜ್ಜಿ ಮೂಗು ಹೆಂಗಿತ್ತು ಅಂತ ಮೊಮ್ಮಕ್ಕಳ ಮೂಗು ನೋಡಿ ಹೇಳಲ್ವಾ ಅತ್ತೆ? ಹಂಗೇ. ರಷ್ಯನ್ನರು ಸ್ನಖಾ ಅಂತಾರೆ, ಸರ್ಬಿಯಾದವರು ಸ್ನಾಹಾ ಅಂತಾರೆ. ಎಲ್ಲ ಮೂಗೂ ಜೋಡಿಸಿದ್ರೆ ಸ್ನುಖಾ." ಅದರಲ್ಲಿನ ಉಕಾರವನ್ನು ಅರ್ಧ ನುಂಗಬೇಕಂತೆ, ಖಕಾರವನ್ನು ನಮ್ಮ ಸಾಬರು ಖಬರ್ ಅನ್ನುವ ಹಾಗೆ ಗಂಟಲಿನಿಂದ ಎಳೆಯಬೇಕಂತೆ. ಇದರ ಅಕ್ಕನೋ ತಂಗಿಯೋ ಆಗಬೇಕಾದದ್ದು ಸಂಸ್ಕೃತದ ಸ್ನುಷಾ. ಅದೇ ನಮ್ಮೂರಿಗೆ ಬರುವಷ್ಟರಲ್ಲಿ ಸವೆದು ಸೊಸೆಯಾದದ್ದು. ಅಲ್ಲಿಯವರಿಗೆ ಉಕಾರದ ಬೆನ್ನಲ್ಲಿ ಬಂದ ಸಕಾರ ಮೀನಿನ ಮುಳ್ಳಿನ ಹಾಗೆ ಗಂಟಲಿಗೆ ಸಿಕ್ಕಿಕೊಂಡು ಖಕಾರವಾಯಿತು. ನಾವು ನಕಾರವನ್ನೇ ನುಂಗಿ ನೀರು ಕುಡಿದೆವು.

ಇನ್ನು ವ್ಯಾಕರಣ. ಸ್ಲಾವರಿಗೂ ನಮ್ಮ ಸಂಸ್ಕೃತದವರಿಗೂ ಹಿಂದಿನ ಕಾಲದಲ್ಲಿ, ಎಲ್ಲ ಒಂದೇ ಮನೆಯಲ್ಲಿದ್ದಾಗ, ಈ ಪದದ ಕೊನೆ ಗಂಡು ಪದಗಳ ಹಾಗೆ ಇತ್ತಂತೆ. ಹೆಂಗಸು, ಆದರೆ ತೊಟ್ಟದ್ದು ಗಂಡಸಿನ ಅಂಗಿ. ಗ್ರೀಕರು ಅದೇ ಅಂಗಿಯಲ್ಲಿ ಅವಳನ್ನು ಬಿಟ್ಟರು. ಸ್ಲಾವರಿಗೆ ಕಣ್ಣಿಗೆ ಒಗ್ಗಲಿಲ್ಲ, ಬಿಚ್ಚಿಸಿ ಎಲ್ಲ ಹೆಣ್ಣು ಪದಗಳ ಹಾಗೆ ಕೊನೆಗೊಂದು ಆಕಾರ ಹೊಲಿದರು. ನನಗೂ ಮದುವೆಯಾದ ವಾರದಲ್ಲೇ ಸ್ಕರ್ಟು ಬ್ಲೌಸು ಗಂಟು ಕಟ್ಟಿ ಅಟ್ಟಕ್ಕೆ ಹಾಕಿಸಿದ್ದು ನೆನಪಾಗಿ, ಆ ಪದದ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಪದದ ಹುಟ್ಟಿನ ವಿಷಯದಲ್ಲಿ ಪಂಡಿತರು ಎರಡು ಪಾರ್ಟಿ. ಮಗ ಅನ್ನುವ ಮಾತಿನಿಂದ ಬಂದದ್ದು, ಮಗನವಳು ಅಂತ ಒಂದು ಪಾರ್ಟಿ. ಕಟ್ಟು, ಬಿಗಿ ಅನ್ನುವ ಧಾತುವಿನಿಂದ ಬಂದದ್ದು, ಸಂಬಂಧದಿಂದ ಕಟ್ಟಿಹಾಕಿದವಳು ಅಂತ ಇನ್ನೊಂದು. "ನೀವು ಯಾವ ಪಾರ್ಟಿ ಅತ್ತೆ?" ಅಂದಳು ಚೈತ್ರ. "ನಿನ್ನ ಗಂಡನಿಗೆ ತಿಂಗಳಲ್ಲಿ ಎರಡು ವಾರ ನೈಟ್ ಶಿಫ್ಟು, ಎರಡು ವಾರ ನಿದ್ದೆ. ನೀನು ಮಗನವಳು ಹೆಂಗಾಗ್ತೀಯ? ಈ ಮನೇಲಿ ನಿನಗೆ ಗಂಟು ಬಿದ್ದಿರೋಳು ನಾನು. ಕಟ್ಟು ಅಂತಲೇ ಬರಿ" ಅಂದೆ. "ಗೈಡ್ ಒಪ್ಪಲ್ಲ" ಅಂದಳು, ಆದರೆ ನಕ್ಕಳು.

ಕರೆಯುವುದಕ್ಕೂ ಒಂದು ಬೇರೆ ರೂಪವಿದೆ, ಸ್ನುಖೋ. ಇದು ನನಗೆ ಬಹಳ ಹಿಡಿಸಿತು. ಯಾಕೆಂದರೆ ನಮ್ಮಲ್ಲಿ ಅತ್ತೆಯನ್ನು ಅತ್ತೇ ಅಂತ ಕರೆಯಬಹುದು, ಮಾವನನ್ನು ಮಾವಾ ಅನ್ನಬಹುದು, ಸೊಸೆಯನ್ನು ಮಾತ್ರ ಸೊಸೇ ಅಂತ ಕೂಗಿದವರನ್ನು ನಾನು ನೋಡಿಲ್ಲ. ಒಂದು ಸಂಜೆ ಪರೀಕ್ಷೆ ಮಾಡೋಣವೆಂದು ಅಡುಗೆಮನೆಯಿಂದ "ಸ್ನುಖೋ, ಕಾಫಿ!" ಅಂತ ಕೂಗಿದೆ. ಚೈತ್ರ ಬಂದೇಬಂದಳು. ಆಗತಾನೇ ನರಸಾಪುರದ ಕಂಪನಿ ಬಸ್ಸು ಇಳಿದು ಶೂ ಬಿಚ್ಚುತ್ತಿದ್ದ ನನ್ನ ಮಗ ಗಾಬರಿಯಾಗಿ, "ಯಾಕಮ್ಮ, ಅವಳನ್ನ ಹಂಗೆ ಬೈತಾ ಇದ್ದೀಯ?" ಅಂದ. ಹುತ್ತೂರಿನಲ್ಲಿ ನಮ್ಮತ್ತೆ ನನ್ನನ್ನೂ ಲಕ್ಷ್ಮಕ್ಕನನ್ನೂ ಕರೆಯುತ್ತಿದ್ದದ್ದು ಒಂದೇ ಮಾತಿನಿಂದ, "ಅಮ್ಮಾಯೀ!" ಅಂತ. ಕೆಲಸದ ಕರೆ ಅನಿಸಿದರೆ ಇಬ್ಬರೂ ಹೋಗುತ್ತಿರಲಿಲ್ಲ, ತಿಂಡಿಯ ಕರೆ ಅನಿಸಿದರೆ ಇಬ್ಬರೂ ಹೋಗುತ್ತಿದ್ದೆವು. ಇದನ್ನು ಹೇಳಿದ್ದೇ ತಡ, ಚೈತ್ರ ಪೆನ್ನು ಕೆಳಗಿಟ್ಟಳು. "ಅತ್ತೆ, ನಿಮಗೆ ಇನ್ನೊಂದು ಹೇಳಬೇಕು. ಒಬ್ಬ ಸೊಸೆ ಇದ್ರೆ ಒಂದು ರೂಪ, ತುಂಬ ಜನ ಇದ್ರೆ ಇನ್ನೊಂದು. ಸರಿಯಾಗಿ ಇಬ್ಬರೇ ಸೊಸೆಯರಿದ್ರೆ ಅದಕ್ಕೇ ಅಂತ ಒಂದು ರೂಪ ಇತ್ತು, ಸ್ನುಸೇ. ಬಹಳ ಕಡೆ ಇಂಥ ರೂಪಗಳು ಈಗ ಬಿದ್ದುಹೋಗಿವೆ." ಸ್ನುಸೇ! ಹೆಚ್ಚುಕಮ್ಮಿ ನಮ್ಮ ಸೊಸೆಯೇ ಅಲ್ಲವೇ ಅಂದೆ. "ಕೋಇನ್ಸಿಡೆನ್ಸ್ ಅತ್ತೆ, ಅದನ್ನೆಲ್ಲ ತಲೇಲಿ ಇಟ್ಕೋಬೇಡಿ" ಅಂದಳು. ಇಟ್ಟುಕೊಳ್ಳದೆ ಏನು ಮಾಡಲಿ? ಹುತ್ತೂರಿನ ಆ ಮನೆಗೆ ಸರಿಯಾಗಿ ಇಬ್ಬರೇ ಸೊಸೆಯರು.

ಇನ್ನು ಆ ಸದ್ದು ನಿಂತ ಕಥೆ. ಹುಳುಮನೆಯ ವಾಸನೆ ನನಗೆ ಆಗುತ್ತಿರಲಿಲ್ಲ. ಕೊಳೆತ ಸೊಪ್ಪು, ಹಿಕ್ಕೆ, ಬೆವೆತ ಗೋಣಿತಾಟು. ಅತ್ತೆಯ ಎದುರಿಗೆ ಮೂಗು ಮುಚ್ಚಿಕೊಳ್ಳುವ ಹಾಗಿಲ್ಲ. ಮದುವೆಗೆ ನನ್ನ ಕ್ಲಾಸ್‌ಮೇಟ್ ಒಬ್ಬಳು ಕೊಟ್ಟಿದ್ದ ಓಡಿಕೊಲೋನ್ ಸೆಂಟಿನ ಬಾಟ್ಲಿ ಟ್ರಂಕಿನಲ್ಲಿತ್ತು. ಒಂದು ಬೆಳಿಗ್ಗೆ ಯಾರೂ ಇಲ್ಲದಾಗ ಅದನ್ನು ಬಾಗಿಲ ಗೋಣಿತಾಟಿಗೆ, ತಟ್ಟೆಗಳ ನಡುವಿನ ನೆಲಕ್ಕೆ ಧಾರಾಳವಾಗಿ ಚಿಮುಕಿಸಿದೆ. ಅದೇ ಬೆಳಿಗ್ಗೆ ತುಂತುರು ಹನಿಯಿತು. ಒದ್ದೆ ಸೊಪ್ಪು ಹುಳುವಿಗೆ ಆಗದು, ಸೊಪ್ಪು ತಂದವಳು ಲಕ್ಷ್ಮಕ್ಕ. ಮಾರನೇ ದಿನ ಹುಳು ತಲೆ ಎತ್ತಲಿಲ್ಲ, ಅದರ ಮಾರನೇ ದಿನ ಮನೆಯಲ್ಲಿ ಮಳೆಯ ಸದ್ದೇ ಇರಲಿಲ್ಲ. ಅತ್ತೆ ಒಂದೊಂದು ತಟ್ಟೆಯನ್ನೂ ಎಳೆದು ನೋಡಿದರು. "ಒದ್ದೆ ಸೊಪ್ಪು ಹಾಕಿದ್ಯೇನೇ?" ಅಂತ ಅಕ್ಕನನ್ನು ಕೇಳಿದರು. ಅವಳು ಒಂದೊಂದೆಲೆಯನ್ನೂ ಸೆರಗಿನಿಂದ ಒರೆಸಿದ್ದವಳು, ಆದರೂ ತಲೆ ತಗ್ಗಿಸಿ, "ಒರೆಸಿದ್ದೆ ಅತ್ತೆ. ಎಲ್ಲೋ ಒಂದೆರಡು ಬಿಟ್ಟಿದ್ನೇನೋ" ಅಂದಳು. ನನಗೆ ಆಗ ಏನೂ ಗೊತ್ತಿರಲಿಲ್ಲ, ದೇವರಾಣೆ. ಒಂದೆರಡು ತಿಂಗಳ ಮೇಲೆ ರೇಷ್ಮೆ ಇಲಾಖೆಯ ಒಬ್ಬರು ಬಂದು, ಹುಳುಮನೆ ಹತ್ತಿರ ಸೆಂಟು, ಹೊಗೆಸೊಪ್ಪು ಸುಳಿಯಬಾರದು ಅಂತ ಅಂದಾಗ ಗೊತ್ತಾಯಿತು. ಅಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ಬಾಟ್ಲಿಯನ್ನು ಬಾವಿಯ ಹಿಂದೆ ಹೂತೆ. ಬಾಯಿಯನ್ನೂ ಅದರ ಜೊತೆಗೇ ಹೂತೆ.

ತೀರ್ಪು ಅಂದರೆ ಕೈಗುಣದ ತೀರ್ಪು. ಕೈಗುಣಕ್ಕೆ ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಪದವಿಲ್ಲ, ನಿಮಗೆ ವಿವರಿಸಬೇಕಾದ ಅಗತ್ಯವೂ ಇಲ್ಲ. ಲಕ್ಷ್ಮಕ್ಕನ ಕೈ ಸರಿಯಿಲ್ಲ ಅಂತ ಅತ್ತೆ ಹೇಳಿದ ಮೇಲೆ ಅವಳು ಹುಳುಮನೆಗೆ ಕಾಲಿಡಲಿಲ್ಲ. ಹಾಲಿಗೆ ಹೆಪ್ಪು ಹಾಕಲಿಲ್ಲ. ಸಸಿ ಎಬ್ಬಿಸುವ ಒಟ್ಟಲುಪಾತಿಗೆ ರಾಗಿ ಚೆಲ್ಲಲಿಲ್ಲ. ಉಪ್ಪಿನಕಾಯಿಗೆ ಹೋಳು ಹೆಚ್ಚುವುದು ಅವಳು, ಸಾಸಿವೆ ಕುಟ್ಟುವುದು ಅವಳು, ಉಪ್ಪು ಹಾಕುವ ಹೊತ್ತಿಗೆ "ಅಮ್ಮಾಯೀ" ಅಂದರೆ ಅದು ನಾನು. ಆ ಕರೆಯಲ್ಲಿ ಆಮೇಲೆ ನಮಗೆ ಗೊಂದಲವೇ ಆಗಲಿಲ್ಲ. ಏನೂ ಬಾರದ ನಾನು ಊರಿಗೇ ಕೈಗುಣದವಳಾದೆ. ಮಾಲೂರಿನ ನೆಂಟರು ನುಗ್ಗೆ ಕಡ್ಡಿ ನೆಡಿಸಲು ಕರೆಯುತ್ತಿದ್ದರು. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರೊಬ್ಬರ ಮನೆಯಲ್ಲಿ ಹೊಸ ಗ್ರೈಂಡರಿಗೆ ಮೊದಲ ಹಿಡಿ ಅಕ್ಕಿ ನನ್ನ ಕೈಯಲ್ಲೇ ಹಾಕಿಸಿದರು, ಕಾಲು ಗಂಟೆಗೆ ಅದರ ಮೋಟಾರು ಸುಟ್ಟು ಹೊಗೆ ಬಂತು. ವೋಲ್ಟೇಜ್ ಸರಿಯಿಲ್ಲ ಅಂದರು. ನನ್ನ ಕೈಗೆ ಮಾತ್ರ ಏನೂ ಆಗಲಿಲ್ಲ. ಮನೆ ಭಾಗವಾಗಿ ಭಾವನವರು ಮುಳಬಾಗಿಲ ಹತ್ತಿರ ಅಕ್ಕನ ತವರಿನ ಪಕ್ಕ ತೋಟ ಮಾಡಿಕೊಂಡ ಮೇಲೂ, ತನ್ನದೇ ಸ್ವಂತ ಅಡುಗೆಮನೆಯಲ್ಲಿ, ಹೇಳುವ ಕೇಳುವ ಅತ್ತೆ ಇಲ್ಲದಿದ್ದರೂ, ಅವಳು ಉಪ್ಪಿನಕಾಯಿಗೆ ಉಪ್ಪು ಮುಟ್ಟಲಿಲ್ಲವಂತೆ. ಹಾಕುತ್ತಿದ್ದದ್ದು ಮೊದಲು ಪಕ್ಕದ ಮನೆಯವರು, ಆಮೇಲೆ ಅವಳ ಸೊಸೆ ಸುಜಾತ. ಇದನ್ನು ಸುಜಾತಳೇ ಫೋನಿನಲ್ಲಿ ತಮಾಷೆಯಾಗಿ ಹೇಳಿದ್ದಳು. ನಾನೂ ನಕ್ಕಿದ್ದೆ. ಫೋನಿಟ್ಟ ಮೇಲೆ ಅವತ್ತು ಊಟ ಸೇರಲಿಲ್ಲ.

ಗಡಿ ಕಡೆಯ ಹೆಂಗಸರು ಸೊಸೆಯನ್ನು ಏನೆಂದು ಕರೆಯುತ್ತಾರೆ ಅಂತ ರೆಕಾರ್ಡ್ ಮಾಡಿಕೊಳ್ಳಬೇಕು, ಮುಳಬಾಗಿಲ ದೊಡ್ಡತ್ತೆ ಮನೆಗೆ ಹೋಗೋಣವೇ ಅಂತ ಚೈತ್ರ ಕೇಳಿದಾಗ ನನಗೆ ಮಂಡಿನೋವು ಜಾಸ್ತಿಯಾಯಿತು. ಮರುವಾರ ಕೇಳಿದಾಗ ಬಿಪಿ. ಮೂರನೇ ಸಲ ಕೇಳಿದಾಗ, ಎಂಬತ್ತು ದಾಟಿದ ಅಕ್ಕನಿಗೆ ಹೋದ ವಾರ ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದ್ದರು ಅಂತ ಸುಜಾತ ತಿಳಿಸಿದ್ದಳು. ಹೇಳುವುದಾದರೆ ಈಗಲೇ. ಹೊರಟೆ. ಮಾವಿನ ಕಾಲ, ದಾರಿಯಲ್ಲಿ ಶ್ರೀನಿವಾಸಪುರದ ಕಾಯಿ ತುಂಬಿದ ಟೆಂಪೋಗಳು ಎದುರಾಗುತ್ತಿದ್ದವು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ರಿಹರ್ಸಲ್ ಮಾಡಿದೆ. ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಬರುತ್ತಿತ್ತು. ಅಕ್ಕನಿಗೆ ಇಂಗ್ಲಿಷ್ ಬಾರದು.

ಅಕ್ಕ ಹಜಾರದಲ್ಲಿ ಮಾವಿನಕಾಯಿ ರಾಶಿಯ ಮುಂದೆ ಈಳಿಗೆಮಣೆ ಹಾಕಿಕೊಂಡು ಕೂತಿದ್ದಳು. "ರಾ ರಾ ದೊರಸಾನಿ. ದಪ್ಪ ಆಗಿದ್ದೀಯಲ್ಲೇ" ಅಂದಳು. ಅವಳು ಮಾತ್ರ ಅರ್ಧ ಆಗಿದ್ದಳು. ಚೈತ್ರ ಫೋನನ್ನು ರೆಕಾರ್ಡಿಂಗಿಗೆ ಇಟ್ಟು, "ದೊಡ್ಡತ್ತೆ, ನೀವು ಸೊಸೆನ ಏನಂತ ಕರೀತೀರಿ?" ಅಂದಳು. "ತೆಲುಗಲ್ಲಿ ಕೋಡಲು, ನಿಮ್ಮಲ್ಲಿ ಸೊಸೆ. ಕರೆಯೋಕೆ ಸುಜೀ ಅಂತೀನಿ. ಕೋಪ ಬಂದ್ರೆ ಏನಮ್ಮಾ ಅಂತೀನಿ. ಇದಕ್ಕೆ ಕೋಲಾರದಿಂದ ಬಂದ್ರಾ?" ಸುಜಾತ ಒಳಗಿನಿಂದ, "ಬೆಳಿಗ್ಗೆಯಿಂದ ಬರೀ ಏನಮ್ಮಾನೇ ನಡೀತಿದೆ" ಅಂದಳು. ಎಲ್ಲರೂ ನಗುತ್ತಿದ್ದಾಗ ನಾನು ಹೇಳಿಬಿಟ್ಟೆ. ರಿಹರ್ಸಲ್ ಮಾಡಿದ್ದು ಒಂದೂ ಬರಲಿಲ್ಲ. "ಅಕ್ಕ, ಆವತ್ತು ಹುಳ ಸತ್ತಿದ್ದು ನಿನ್ನ ಸೊಪ್ಪಿಂದ ಅಲ್ಲ. ನಾನು ಸೆಂಟು ಚಿಮುಕ್ಸಿದ್ದೆ."

ಅವಳ ಕೈ ನಿಂತಿತು. ಈಳಿಗೆಯ ಮೇಲೆ ಅರ್ಧ ಸೀಳಿದ ಕಾಯಿ. "ಎಷ್ಟೊತ್ತಿಗೆ?" ಅಂದಳು.

"ಏನಕ್ಕ?"

"ಎಷ್ಟೊತ್ತಿಗೆ ಚಿಮುಕ್ಸಿದೆ? ನಾನು ಸೊಪ್ಪು ತರೋಕೆ ಮುಂಚೆನಾ, ತಂದ್ಮೇಲಾ?"

"ಮುಂಚೆ."

"ಹಂಗಾದ್ರೆ ಕೆಟ್ಟಿದ್ದು ಸೊಪ್ಪು ಬರೋಕೆ ಮುಂಚೇನೇ. ನನ್ನ ಸೊಪ್ಪು ಒಣಗೇ ಇತ್ತು" ಅಂದಳು. ನನಗಲ್ಲ, ಎದುರಿನ ಗೋಡೆಗೆ. "ಒರೆಸಿದ್ದೆ ಕಣೇ. ಒಂದೊಂದೆಲೆ ಒರೆಸಿದ್ದೆ. ಎಲ್ಲಿ ಬಿಟ್ಟೆ, ಯಾವ ಎಲೆ ಬಿಟ್ಟೆ ಅಂತ ಇವತ್ತಿಗೂ..." ನಾನು ಅಳಲು ತಯಾರಾಗಿ ಸೆರಗು ಎತ್ತಿದೆ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ. "ಥೂ ನಿನ್ನ! ನಲವತ್ತೈದು ವರ್ಷ ಕಂಡೋರ ಕೈಯಲ್ಲಿ ಉಪ್ಪು ಹಾಕಿಸ್ಕೊಂಡು ತಿಂದೆನಲ್ಲೇ! ಆ ಪಕ್ಕದ ಮನೆಯೋಳು ಹಾಕಿದ್ದು ಬರೀ ಉಪ್ಪು, ನಾಲಿಗೆ ಕಿತ್ತುಹೋಗ್ತಿತ್ತು. ಆಗಲೇ ಹೇಳೋಕೆ ನಿನಗೇನಾಗಿತ್ತು? ಬಾಯಲ್ಲಿ ಇಂಗ್ಲಿಷ್ ಇಟ್ಕೊಂಡಿದ್ಯಾ?" ಅಂದಳು. ಆಮೇಲೆ ತೆಲುಗಿನಲ್ಲಿ ಇನ್ನೂ ಸ್ವಲ್ಪ ಅಂದಳು. ಚೈತ್ರ ರೆಕಾರ್ಡಿಂಗ್ ನಿಲ್ಲಿಸಲು ಕೈ ಚಾಚಿದರೆ, "ಇರಲಿ ಬಿಡಮ್ಮ, ನಿಮ್ಮತ್ತೆ ಮಾಡಿದ ಘನಂದಾರಿ ಕೆಲಸ ಬರ್ಕೋ" ಅಂದಳು. ಕ್ಷಮಿಸಿದೆ ಅಂತ ಹೇಳಲಿಲ್ಲ. ಒಳಗೆ ತಿರುಗಿ, "ಏನಮ್ಮಾ, ಆ ಜಾಡಿ ತಾ. ಉಪ್ಪಿನ ಡಬ್ಬಾನೂ ತಾ" ಅಂದಳು. ಸುಜಾತ ಬಾಗಿಲಲ್ಲೇ ನಿಂತು, "ನೀವಾ ಅತ್ತೆ?" ಅಂದಳು. "ನಾನೇ. ಯಾಕೆ, ನನಗೆ ಕೈಯಿಲ್ವಾ?"

ಹೋಳು, ಖಾರದಪುಡಿ, ಸಾಸಿವೆ ಎಲ್ಲ ಬಂತು. ನಾನು ಅಭ್ಯಾಸಬಲದಿಂದ ಮುಂದೆ ಬಗ್ಗಿದರೆ, "ನೀನು ಕೈ ಮಡಿಲಲ್ಲಿ ಇಟ್ಕೊಂಡು ಕೂತ್ಕೋ" ಅಂದಳು. ಕೂತೆ. ಅಕ್ಕ ಡಬ್ಬದಲ್ಲಿ ಕೈಯಿಟ್ಟಳು. ಒಂದು ಹಿಡಿ ಹಾಕಿ ನಮ್ಮೆಲ್ಲರ ಮುಖ ನೋಡಿದಳು. ಇನ್ನೊಂದು ಅರ್ಧ ಹಿಡಿ ಹಾಕಿದಳು. ಕೈ ಒದರಿ, ಆಯ್ತು ಅಂದಳು. ಅಷ್ಟು ಹೋಳಿಗೆ ಮೂರು ಹಿಡಿಯಾದರೂ ಬೇಕು. ಊರಿಗೆಲ್ಲ ಉಪ್ಪು ಹಾಕಿದ ನನಗೆ ಅದು ಗೊತ್ತು, ಸುಜಾತಳಿಗೂ ಗೊತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಸುಜಾತ ಉಪ್ಪಿನ ಡಬ್ಬದ ಮುಚ್ಚಳ ಮುಚ್ಚಿಬಿಟ್ಟಳು. ಹೊರಡುವಾಗ ಅಕ್ಕ ಒಂದು ಪುಟ್ಟ ಜಾಡಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಚೈತ್ರಳ ಕೈಗೆ ಕೊಟ್ಟಳು, ನನ್ನ ಕೈಗಲ್ಲ.

ಮೂರು ವಾರಕ್ಕೆ ಬಟ್ಟೆ ಬಿಚ್ಚಿದರೆ ಮೇಲೆ ಬೆಳ್ಳಗೆ ಬೂಷ್ಟು. ಚೈತ್ರ ಮೂಸಿ ನೋಡಿ, "ಅಯ್ಯೋ ಅತ್ತೆ, ಹಂಗಾದ್ರೆ ಅವರ ಕೈಗುಣ..." ಅಂತ ಶುರುಮಾಡಿದಳು. "ಉಪ್ಪು ಕಮ್ಮಿ ಕಣೇ, ಕೈಯಲ್ಲ. ಡೋಂಟ್ ಬಿ ಸೂಪರ್‌ಸ್ಟಿಷಿಯಸ್. ಪಿಎಚ್.ಡಿ. ಮಾಡೋಳು ನೀನು" ಅಂತ ರೇಗಿದೆ. ಮೇಲಿನದನ್ನು ತೆಗೆದುಹಾಕಿ, ತಳದಲ್ಲಿದ್ದ ಎರಡು ಹೋಳನ್ನು ಮುದ್ದೆಯ ಜೊತೆ ತಿಂದೆ. ಹೊಟ್ಟೆ ಎರಡು ದಿನ ತನ್ನ ಅಭಿಪ್ರಾಯ ಹೇಳಿತು. ಸುಜಾತ ಫೋನಿನಲ್ಲಿ ಪಿಸುಗುಟ್ಟಿದಳು, ಅವರ ಮನೆಯ ಜಾಡಿಗೆ ಅತ್ತೆ ಮಧ್ಯಾಹ್ನ ಮಲಗಿದ್ದಾಗ ಇನ್ನೆರಡು ಹಿಡಿ ಉಪ್ಪು ಬೆರೆಸಿಬಿಟ್ಟಿದ್ದಾಳಂತೆ. ಅದು ಚೆನ್ನಾಗಿದೆಯಂತೆ. ಬೀದಿಯವರಿಗೆಲ್ಲ ಅಕ್ಕ ತಾನೇ ಹಂಚಿದಳಂತೆ.

ಶ್ರಾವಣದಲ್ಲಿ ಅಕ್ಕ ಕಣ್ಣಿನ ಪೊರೆ ತೆಗೆಸಲು ಕೋಲಾರಕ್ಕೆ ಬಂದಿದ್ದಳು. ವಾಪಸು ಹೋಗುವಾಗ ಬಸ್ ಸ್ಟ್ಯಾಂಡಿಗೆ ನಾನೂ ಹೋದೆ. ಸುಜಾತ ಅವಳನ್ನು ಕಿಟಕಿ ಪಕ್ಕ ಕೂರಿಸಿದ್ದಳು. ಕಣ್ಣಿಗೆ ಹಸಿರು ಪಟ್ಟಿ. ಕಾಣುವ ಒಂದು ಕಣ್ಣಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮುಖ್ಯವಾದ ಮಾತಿಗೆ ಬಂದಳು. "ಉಪ್ಪಿನಕಾಯಿ ಹೆಂಗಿತ್ತೇ?"

"ಮುಗಿದೇ ಹೋಯ್ತಕ್ಕ" ಅಂದೆ. "ಒಂದು ಹೋಳೂ ಉಳಿದಿಲ್ಲ."

"ಮುಂದಿನ ವರ್ಷ ದೊಡ್ಡ ಜಾಡಿ ಹಾಕ್ತೀನಿ" ಅಂದಳು. "ನೀನೂ ಬಾ. ದೂರ ಕೂತ್ಕೊಂಡು ನೋಡು."

ಬರ್ತೀನಿ ಅಂದೆ. ಮೂರು ಹಿಡಿ ಅನ್ನುವುದನ್ನು ಇವಳಿಗೆ ಹೇಗಪ್ಪಾ ತಿಳಿಸುವುದು ಅಂತ ಯೋಚಿಸುತ್ತ ನಿಂತಿದ್ದಾಗಲೇ ಬಸ್ಸು ಹೊರಟಿತು. ಅಕ್ಕ ಕಿಟಕಿಯಿಂದ ಕೈ ಹೊರಗಿಟ್ಟು ಬೀಸಿದಳು. ಕಂಡಕ್ಟರು ಕೈ ಒಳಗೆ ತಗೊಳ್ಳಮ್ಮ ಅಂತ ಗದರಿದ್ದು ನನಗೂ ಕೇಳಿಸಿತು. ಅವಳು ತೆಗೆದುಕೊಳ್ಳಲಿಲ್ಲ. ಬಸ್ಸು ತಿರುವು ದಾಟುವವರೆಗೂ ಆ ಕೈ ಹೊರಗೇ ಇತ್ತು. ಮುಂದಿನ ಮಾವಿನ ಕಾಲಕ್ಕೆ ಅವಳು ಉಳಿಯಲಿಲ್ಲ, ನಾನು ಅವಳನ್ನು ನೋಡಿದ್ದು ಅದೇ ಕೊನೆ.